ಸಿಪ್ಪೆಯ ಕರೆಂಟು, ಸಗಣಿಯ ಲೆಕ್ಕ

ಕಬ್ಬು ಅರೆಯುವ ಹಂಗಾಮಿನಲ್ಲಿ ಕುಕ್ಕುವಾಡದ ಕಡೆ ಹೋದರೆ ಮೊದಲು ಎದುರಾಗುವುದು ಟ್ರ್ಯಾಕ್ಟರುಗಳ ಸಾಲು, ಆಮೇಲೆ ಕಾಕಂಬಿಯ ಘಾಟು. 1970ರಲ್ಲಿ ಸ್ಥಾಪನೆಯಾದ ದಾವಣಗೆರೆ ಶುಗರ್ ಕಂಪನಿಯ ಕಾರ್ಖಾನೆ ಇಲ್ಲಿಯದು. ಭದ್ರಾ ನಾಲೆಯ ನೀರು ಕುಡಿದು ಬೆಳೆದ ಕಬ್ಬು ಇಲ್ಲಿ ಸಕ್ಕರೆಯ ಜೊತೆಗೆ ಕರೆಂಟೂ ಆಗುತ್ತದೆ.

ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕಿಲೋ ಸಿಪ್ಪೆ ಉಳಿಯುತ್ತದೆ. ಹಿಡಿಯಲ್ಲಿ ಹಿಂಡಿದರೆ ಒದ್ದೆ ಹತ್ತುವ, ಅರ್ಧಕ್ಕರ್ಧ ನೀರೇ ಇರುವ ಸಿಪ್ಪೆ. ಹಿಂದೆಲ್ಲ ಸಕ್ಕರೆ ಕಾರ್ಖಾನೆಗಳು ಅದನ್ನು ಹೇಗೋ ಉರಿಸಿ ಮುಗಿಸುತ್ತಿದ್ದವು. ಹೆಚ್ಚು ಒತ್ತಡದ ಬಾಯ್ಲರುಗಳು ಬಂದ ಮೇಲೆ ಆಟ ಬದಲಾಯಿತು: ಹಬೆ ಮೊದಲು ಟರ್ಬೈನ್ ತಿರುಗಿಸುತ್ತದೆ, ಆಮೇಲೆ ಅದೇ ಹಬೆ ಕಬ್ಬಿನ ಹಾಲನ್ನು ಕುದಿಸುತ್ತದೆ. ಕುಕ್ಕುವಾಡದ ಘಟಕದ ಸಾಮರ್ಥ್ಯ 24 ಮೆಗಾವ್ಯಾಟ್‌ಗೂ ಮಿಕ್ಕಿದೆ. ಬಳಸಿ ಉಳಿದದ್ದು ಗ್ರಿಡ್‌ಗೆ. ಆದರೆ ಬೆಳೆಗಾರ ಕಬ್ಬನ್ನು ತೂಕಕ್ಕೆ ಮಾರುತ್ತಾನೆ. ಸಿಪ್ಪೆಯ ಕರೆಂಟಿನಲ್ಲಿ ನಮ್ಮ ಪಾಲೆಷ್ಟು ಎಂಬುದು ರಾಜ್ಯದ ಕಬ್ಬು ಬೆಳೆಗಾರರ ಹಳೇ ತಗಾದೆ. ಉಪ ಉತ್ಪನ್ನಗಳ ಆದಾಯವನ್ನೂ ಹಂಚಬೇಕೆಂದು 2012ರಲ್ಲಿ ಸಕ್ಕರೆ ಉದ್ಯಮದ ಕುರಿತ ರಂಗರಾಜನ್ ಸಮಿತಿಯೇ ಹೇಳಿತ್ತು.

ಕಚ್ಚಾ ಮಾಲು ಕೊಟ್ಟವರಿಗೆ ಪಾಲು ಕೊಡುವ ಈ ಲೆಕ್ಕವನ್ನು ಚೊಕ್ಕವಾಗಿ ಇಟ್ಟದ್ದು, ನನ್ನ ಮಟ್ಟಿಗೆ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿ. ಎ.ಕೆ.ಎನ್. ರೆಡ್ಡಿ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ‘ಅಸ್ತ್ರ’ ತಂಡ ಅಲ್ಲಿ ಊರಿಗೊಂದೇ ಗೋಬರ್ ಗ್ಯಾಸ್ ಸ್ಥಾವರ ಮಾಡಿತು. 1987ರ ಹೊತ್ತಿಗೆ ಆ ಗ್ಯಾಸಿನಿಂದ ಎಂಜಿನ್ ಓಡಿ, ಮನೆಗಳಿಗೆ ಬೆಳಕು ಬಂತು, ನಲ್ಲಿಯಲ್ಲಿ ನೀರು ಬಂತು. ಸಗಣಿ ತಂದು ಹಾಕಿದವರಿಗೆ ಕಾಸು ಸಿಗುತ್ತಿತ್ತು, ಬಗ್ಗಡವೂ ಗೊಬ್ಬರವಾಗಿ ಅವರ ಹೊಲಕ್ಕೇ ಮರಳುತ್ತಿತ್ತು. ಶಿರಸಿ ಸೀಮೆಯಲ್ಲಿ ಮನೆಮನೆಯ ಗೋಬರ್ ಗ್ಯಾಸ್ ಇನ್ನೂ ಗಟ್ಟಿಯಾಗಿ ಬೇರೂರಿತು; ಅಡಿಕೆ ತೋಟದವರಿಗೆ ಗ್ಯಾಸಿನಷ್ಟೇ ಗೊಬ್ಬರವೂ ಬೇಕಿತ್ತು.

ಬಯಲುಸೀಮೆಯ ಕಥೆ ಬೇರೆ. ಬೋರು ಆಳಕ್ಕಿಳಿಯಿತು, 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆಯಾಯಿತು. ಪುಕ್ಕಟೆ ಕರೆಂಟಿರುವಾಗ ಸೋಲಾರ್ ಯಾರಿಗೆ ಬೇಕು? 2014ರ ‘ಸೂರ್ಯ ರೈತ’ ಯೋಜನೆ ಇದಕ್ಕೊಂದು ಉಪಾಯ ಹೂಡಿತು: ನೀರೆತ್ತಿ ಮಿಕ್ಕ ವಿದ್ಯುತ್ತನ್ನು ರೈತ ಮಾರಲಿ. ಕನಕಪುರದ ಹಾರೋಬೆಲೆಯಲ್ಲಿ ಶುರುವಾದದ್ದು ರಾಜ್ಯದ ತುಂಬ ಹಬ್ಬಲಿಲ್ಲ. ಪಾವಗಡದಲ್ಲಂತೂ ರೈತರು ಸುಮಾರು 13,000 ಎಕರೆಯನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ. ಅದು ಭೂಮಿಯ ಬಾಡಿಗೆ, ಬೇಸಾಯವಲ್ಲ. ಹೊಲವಿಲ್ಲದ ಕೂಲಿಯವರಿಗೆ ಅದೂ ಇಲ್ಲ.

2019ರಲ್ಲಿ ಬಂದ ಕೇಂದ್ರದ ‘ಕುಸುಮ್’ ಯೋಜನೆಗೆ ರಾಜ್ಯವೂ ತನ್ನ ಪಾಲು ಹೆಚ್ಚಿಸಿದೆ. ಸೋಲಾರ್ ಪಂಪಿಗೆ ರೈತ ಹಾಕಬೇಕಾದದ್ದು ಶೇ 20. ಅದೇ ಯೋಜನೆಯ ಇನ್ನೊಂದು ಭಾಗ ನನಗೆ ಹೆಚ್ಚು ಹಿಡಿಸುತ್ತದೆ. ಅದರಲ್ಲಿ ಒಂದೊಂದು ಪಂಪ್ ಬದಲು ಕೃಷಿಯ ಇಡೀ ಫೀಡರಿಗೇ ಹತ್ತಿರದಲ್ಲಿ ಸೋಲಾರ್ ಘಟಕ. ಬಿಸಿಲಿದ್ದಾಗಲೇ ತ್ರೀ ಫೇಸ್ ಬರುತ್ತದೆ. ನಡುರಾತ್ರಿ ಟಾರ್ಚ್ ಹಿಡಿದು, ಹಾವಿಗೆ ಹೆದರುತ್ತ, ಬದುವಿನ ಮೇಲೆ ಸ್ಟಾರ್ಟರ್ ಒತ್ತಲು ಹೋಗುವುದು ತಪ್ಪುತ್ತದೆ.