ಗೇಮಿಂಗ್ ಕಂಪ್ಯೂಟರ್ ಬಿಡಿಭಾಗಗಳ ಹೊಂದಾಣಿಕೆ

ಗೇಮಿಂಗ್ ಕಂಪ್ಯೂಟರ್ ಬಿಡಿಭಾಗಗಳ ಹೊಂದಾಣಿಕೆ ಎಂದರೆ ವಿಡಿಯೋ ಆಟಗಳಿಗಾಗಿ ಜೋಡಿಸುವ ಡೆಸ್ಕ್‌ಟಾಪ್ ಗಣಕಯಂತ್ರದ ಪ್ರೊಸೆಸರ್, ಮದರ್‌ಬೋರ್ಡ್, ಮೆಮೊರಿ, ಗ್ರಾಫಿಕ್ಸ್ ಕಾರ್ಡ್, ಸಂಗ್ರಹ ಸಾಧನ, ಎಸ್‌ಎಂಪಿಎಸ್ ಹಾಗೂ ಕ್ಯಾಬಿನೆಟ್‌ಗಳು ಒಂದಕ್ಕೊಂದು ಹೊಂದಿಕೊಂಡು ಕಾರ್ಯನಿರ್ವಹಿಸುವ ಗುಣ. ಈ ಹೊಂದಾಣಿಕೆಯನ್ನು ನಾಲ್ಕು ನೆಲೆಗಳಲ್ಲಿ ಪರಿಶೀಲಿಸಲಾಗುತ್ತದೆ: ಭಾಗಗಳ ಆಕಾರ ಮತ್ತು ಅಳತೆ, ವಿದ್ಯುತ್ ಪೂರೈಕೆ, ಬಯೋಸ್ ಮತ್ತು ಕಾರ್ಯಾಚರಣ ವ್ಯವಸ್ಥೆಯ ಬೆಂಬಲ, ಹಾಗೂ ಭಾಗಗಳ ಸಾಮರ್ಥ್ಯದ ನಡುವಿನ ಸಮತೋಲನ. ಸೀಮಿತ ಹಣದಲ್ಲಿ ಕಂಪ್ಯೂಟರ್ ಜೋಡಿಸುವವರಿಗೆ ಈ ಪರಿಶೀಲನೆ ಹೆಚ್ಚು ಮುಖ್ಯವಾಗುತ್ತದೆ. ಹೊಂದದ ಒಂದು ಭಾಗವನ್ನು ಕೊಂಡರೆ ಅದನ್ನು ಬದಲಿಸಲು ಬೇಕಾಗುವ ಹಣವನ್ನು ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡಿಗೆ ಮೀಸಲಿಟ್ಟ ಮೊತ್ತದಿಂದಲೇ ತೆಗೆಯಬೇಕಾಗುತ್ತದೆ.

ಹಿನ್ನೆಲೆ

1981ರಲ್ಲಿ ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಬಹುಪಾಲು ಇತರ ತಯಾರಕರ ಭಾಗಗಳಿಂದ ನಿರ್ಮಿಸಿ, ಅದರ ತಾಂತ್ರಿಕ ವಿವರಗಳನ್ನು ಪ್ರಕಟಿಸಿತು. ಇದರಿಂದ ಬೇರೆ ಬೇರೆ ಸಂಸ್ಥೆಗಳು ಪರಸ್ಪರ ಹೊಂದುವ ಯಂತ್ರಗಳನ್ನೂ ಬಿಡಿಭಾಗಗಳನ್ನೂ ತಯಾರಿಸಲು ದಾರಿಯಾಯಿತು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾನಕವು ಮದರ್‌ಬೋರ್ಡಿನ ಅಳತೆ, ತಿರುಪುಗಳ ಸ್ಥಾನ ಮತ್ತು ವಿದ್ಯುತ್ ಸಂಪರ್ಕಗಳನ್ನು ನಿಗದಿಪಡಿಸಿತು. ಗ್ರಾಫಿಕ್ಸ್ ಕಾರ್ಡುಗಳಿಗೆ ಇಂದು ಬಳಕೆಯಲ್ಲಿರುವ ಪಿಸಿಐ ಎಕ್ಸ್‌ಪ್ರೆಸ್ ಮಾನಕವು 2003ರಲ್ಲಿ ಪ್ರಕಟವಾಯಿತು. ಈ ಮಾನಕಗಳು ದೀರ್ಘಕಾಲ ಉಳಿದಿದ್ದರೂ ಪ್ರೊಸೆಸರ್ ಸಾಕೆಟ್ ಮತ್ತು ಮೆಮೊರಿಯ ಮಾದರಿಗಳು ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತವೆ. ಹೊಂದಾಣಿಕೆಯ ತೊಡಕುಗಳು ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ.

ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಪ್ರೊಸೆಸರ್ ಕೂರುವ ಸಾಕೆಟ್ ಮದರ್‌ಬೋರ್ಡಿನ ಆಯ್ಕೆಯನ್ನು ನಿರ್ಧರಿಸುತ್ತದೆ. ಎಎಂಡಿಯ ರೈಜನ್ ಪ್ರೊಸೆಸರುಗಳಲ್ಲಿ 1000ದಿಂದ 5000ದವರೆಗಿನ ಡೆಸ್ಕ್‌ಟಾಪ್ ಸರಣಿಗಳು ಎಎಂ4 ಸಾಕೆಟ್ಟನ್ನು ಬಳಸುತ್ತವೆ. 2022ರಲ್ಲಿ ಬಂದ ರೈಜನ್ 7000 ಸರಣಿಯಿಂದ ಎಎಂ5 ಸಾಕೆಟ್ ಬಳಕೆಗೆ ಬಂದಿತು. ಇಂಟೆಲ್ ಕೋರ್ ಪ್ರೊಸೆಸರುಗಳಲ್ಲಿ 10 ಮತ್ತು 11ನೆಯ ತಲೆಮಾರುಗಳಿಗೆ ಎಲ್‌ಜಿಎ 1200, 12ರಿಂದ 14ನೆಯ ತಲೆಮಾರುಗಳಿಗೆ ಎಲ್‌ಜಿಎ 1700, 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851 ಸಾಕೆಟ್ ಬೇಕಾಗುತ್ತದೆ.

ಸಾಕೆಟ್ ಒಂದೇ ಇದ್ದಮಾತ್ರಕ್ಕೆ ಹೊಂದಾಣಿಕೆ ಖಚಿತವಾಗುವುದಿಲ್ಲ. 2017ರಲ್ಲಿ ಬಿಡುಗಡೆಯಾದ ಇಂಟೆಲ್‌ನ 8ನೆಯ ತಲೆಮಾರಿನ ಪ್ರೊಸೆಸರುಗಳು ಹಿಂದಿನ ತಲೆಮಾರಿನಂತೆಯೇ ಎಲ್‌ಜಿಎ 1151 ಸಾಕೆಟ್ ಬಳಸಿದರೂ, 100 ಮತ್ತು 200 ಸರಣಿಯ ಚಿಪ್‌ಸೆಟ್ ಇರುವ ಹಳೆಯ ಬೋರ್ಡುಗಳಲ್ಲಿ ಅವುಗಳಿಗೆ ಬೆಂಬಲವಿರಲಿಲ್ಲ. ಎಎಂ4 ಬೋರ್ಡುಗಳಲ್ಲಿ ತೊಡಕು ಬಯೋಸ್‌ನದು. 2018ರ ಬಿ450 ಚಿಪ್‌ಸೆಟ್‌ನ ಬೋರ್ಡು 2020ರ ನಂತರದ ರೈಜನ್ 5000 ಪ್ರೊಸೆಸರನ್ನು ಗುರುತಿಸಬೇಕಾದರೆ ಅದರ ಬಯೋಸ್ ಪರಿಷ್ಕರಣೆಯಾಗಿರಬೇಕು. ಹಳೆಯ ಬಯೋಸ್ ಇರುವ ಬೋರ್ಡಿನಲ್ಲಿ ಹೊಸ ಪ್ರೊಸೆಸರ್ ಇಟ್ಟರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್ ಮೂಲಕ ಬಯೋಸ್ ಪರಿಷ್ಕರಿಸುವ ಸೌಲಭ್ಯ ಕೆಲವು ಬೋರ್ಡುಗಳಲ್ಲಿದೆ. ಅದಿಲ್ಲದಿದ್ದರೆ ಪರಿಷ್ಕರಿಸಿಯೇ ಕೊಡುವಂತೆ ಮಾರಾಟಗಾರರನ್ನು ಕೇಳುವುದು ರೂಢಿ. ಪ್ರತಿ ಮದರ್‌ಬೋರ್ಡ್ ತಯಾರಕರೂ ತಮ್ಮ ಜಾಲತಾಣದಲ್ಲಿ ಬೆಂಬಲಿತ ಪ್ರೊಸೆಸರುಗಳ ಪಟ್ಟಿಯನ್ನು ಬಯೋಸ್ ಆವೃತ್ತಿಯ ಸಮೇತ ಪ್ರಕಟಿಸುತ್ತಾರೆ. ಈ ವಿಷಯದಲ್ಲಿ ಹೆಚ್ಚು ನಂಬಬಹುದಾದ ಆಧಾರ ಆ ಪಟ್ಟಿಯೇ.

ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರವೂ ಗಮನಾರ್ಹ. ಇಂಟೆಲ್‌ನ ಕೋರ್ ಐ5-12400ಎಫ್ ಮುಂತಾದ 'ಎಫ್' ಮಾದರಿಗಳಲ್ಲಿ ಅಂತರ್ಗತ ಗ್ರಾಫಿಕ್ಸ್ ಇರುವುದಿಲ್ಲ. ಎಎಂಡಿಯ ರೈಜನ್ 5 5600ದಲ್ಲಿ ಅದಿಲ್ಲ, 5600ಜಿ ಮಾದರಿಯಲ್ಲಿದೆ. ಗ್ರಾಫಿಕ್ಸ್ ಕಾರ್ಡನ್ನು ಕೆಲವು ತಿಂಗಳುಗಳ ನಂತರ ಕೊಳ್ಳುವ ಯೋಜನೆಯಿದ್ದರೆ ಅಂತರ್ಗತ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಅನಿವಾರ್ಯ.

ಮೆಮೊರಿ

ಡಿಡಿಆರ್4 ಮತ್ತು ಡಿಡಿಆರ್5 ಡೆಸ್ಕ್‌ಟಾಪ್ ಮೆಮೊರಿಗಳೆರಡರಲ್ಲೂ 288 ಸಂಪರ್ಕಗಳಿದ್ದರೂ ಅವುಗಳ ನಡುವಿನ ಕಚ್ಚು ಬೇರೆ ಬೇರೆ ಸ್ಥಾನದಲ್ಲಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಎಎಂ4 ಬೋರ್ಡುಗಳು ಡಿಡಿಆರ್4ನ್ನು ಮಾತ್ರ, ಎಎಂ5 ಮತ್ತು ಎಲ್‌ಜಿಎ 1851 ಬೋರ್ಡುಗಳು ಡಿಡಿಆರ್5ನ್ನು ಮಾತ್ರ ಬಳಸುತ್ತವೆ. ಎಲ್‌ಜಿಎ 1700ರಲ್ಲಿ ಪ್ರೊಸೆಸರ್ ಎರಡನ್ನೂ ಬೆಂಬಲಿಸುತ್ತದೆಯಾದರೂ ಬಹುತೇಕ ಬೋರ್ಡುಗಳು ಯಾವುದಾದರೂ ಒಂದಕ್ಕೆ ಸೀಮಿತವಾಗಿರುತ್ತವೆ. ಒಂದೇ ಹೆಸರಿನ ಬೋರ್ಡು ಎರಡು ರೂಪಗಳಲ್ಲಿ ಮಾರಾಟವಾಗುವುದರಿಂದ ಪೆಟ್ಟಿಗೆಯ ಮೇಲಿನ ಪೂರ್ಣ ಹೆಸರನ್ನು ಓದುವುದು ಅವಶ್ಯಕ.

ಪ್ರೊಸೆಸರ್ ಎರಡು ಮಾರ್ಗಗಳ ಮೂಲಕ ಮೆಮೊರಿಯನ್ನು ಏಕಕಾಲದಲ್ಲಿ ಓದಬಲ್ಲದು. ಆದ್ದರಿಂದ 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಆಟಗಳಲ್ಲಿ ಸಾಮಾನ್ಯವಾಗಿ ಉತ್ತಮ ಫಲ ನೀಡುತ್ತವೆ. ಅಂತರ್ಗತ ಗ್ರಾಫಿಕ್ಸ್ ಬಳಸುವಾಗ ಈ ವ್ಯತ್ಯಾಸ ಇನ್ನೂ ದೊಡ್ಡದು, ಏಕೆಂದರೆ ಅಲ್ಲಿ ಚಿತ್ರ ಸಂಸ್ಕರಣೆಗೂ ಇದೇ ಮೆಮೊರಿ ಬಳಕೆಯಾಗುತ್ತದೆ. ನಾಲ್ಕು ಸ್ಲಾಟ್‌ಗಳಿರುವ ಬೋರ್ಡಿನಲ್ಲಿ ಎರಡು ಪಟ್ಟಿಗಳನ್ನು ಪ್ರೊಸೆಸರಿನಿಂದ ಎಣಿಸಿದಾಗ ಸಾಮಾನ್ಯವಾಗಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲಿ ಹಾಕಲಾಗುತ್ತದೆ. ಪೆಟ್ಟಿಗೆಯ ಮೇಲೆ ನಮೂದಾದ ವೇಗವು ತಾನಾಗಿ ದೊರೆಯುವುದಿಲ್ಲ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಯ್ಕೆಯನ್ನು ಚಾಲನೆಗೊಳಿಸಬೇಕಾಗುತ್ತದೆ.

ಗ್ರಾಫಿಕ್ಸ್ ಕಾರ್ಡ್

ಗೇಮಿಂಗ್ ಕಂಪ್ಯೂಟರಿನ ವೆಚ್ಚದಲ್ಲಿ ಸಾಮಾನ್ಯವಾಗಿ ಅತಿ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿನದು. ಪಿಸಿಐ ಎಕ್ಸ್‌ಪ್ರೆಸ್‌ನ ವಿವಿಧ ಆವೃತ್ತಿಗಳು ಪರಸ್ಪರ ಹೊಂದುವುದರಿಂದ ಹೊಸ ಕಾರ್ಡು ಹಳೆಯ ಬೋರ್ಡಿನಲ್ಲಿಯೂ ಕೂರುತ್ತದೆ. ಆದರೆ ವೇಗವು ಇವೆರಡರಲ್ಲಿ ಹಳೆಯ ಆವೃತ್ತಿಗೆ ಇಳಿಯುತ್ತದೆ. ಕಡಿಮೆ ಬೆಲೆಯ ಕೆಲವು ಕಾರ್ಡುಗಳಲ್ಲಿ ಇದರ ಪರಿಣಾಮ ತೀವ್ರವಾಗಿರುತ್ತದೆ. ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿನಲ್ಲಿ 4 ಜಿಬಿ ಮೆಮೊರಿಯೂ ಪಿಸಿಐ ಎಕ್ಸ್‌ಪ್ರೆಸ್ 4.0ರ ನಾಲ್ಕು ಪಥಗಳೂ ಮಾತ್ರ ಇವೆ. ಇದನ್ನು 3.0 ಆವೃತ್ತಿಯ ಬೋರ್ಡಿನಲ್ಲಿ ಬಳಸಿದರೆ ದತ್ತಾಂಶ ಸಾಗಣೆ ಅರ್ಧಕ್ಕಿಳಿದು ಹಲವು ಆಟಗಳು ಗಮನಾರ್ಹವಾಗಿ ನಿಧಾನಗೊಳ್ಳುತ್ತವೆ. ರೈಜನ್ 5 5600ಜಿ ಪ್ರೊಸೆಸರ್ 3.0 ಆವೃತ್ತಿಯನ್ನು ಮಾತ್ರ ಬೆಂಬಲಿಸುವುದರಿಂದ, ಬೋರ್ಡು ಹೊಸದಾಗಿದ್ದರೂ ಅಲ್ಲಿ ಇದೇ ಮಿತಿ ಎದುರಾಗುತ್ತದೆ. ಎಂಟು ಪಥಗಳ ಆರ್‌ಎಕ್ಸ್ 6600ರಲ್ಲಿ ಈ ನಷ್ಟ ಬಹಳ ಕಡಿಮೆ.

ಇಂಟೆಲ್‌ನ ಆರ್ಕ್ ಸರಣಿಯ ಕಾರ್ಡುಗಳು ಪೂರ್ಣ ಸಾಮರ್ಥ್ಯ ತೋರಲು ಬೋರ್ಡು ಮತ್ತು ಪ್ರೊಸೆಸರುಗಳೆರಡೂ ರೀಸೈಜಬಲ್ ಬಾರ್ ಎಂಬ ಸೌಲಭ್ಯವನ್ನು ಹೊಂದಿರಬೇಕು. ಹಾಗಾಗಿ ಹಳೆಯ ಕಂಪ್ಯೂಟರನ್ನು ಉನ್ನತೀಕರಿಸುವವರಿಗೆ ಈ ಕಾರ್ಡುಗಳು ಅಷ್ಟಾಗಿ ಸೂಕ್ತವಲ್ಲ.

ಸಂಗ್ರಹ ಸಾಧನ

ಎಂ.2 ಎಂಬುದು ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. ಎಂ.2 ಆಕಾರದ ಎಸ್‌ಎಸ್‌ಡಿಗಳು ಸಾಟಾ ಅಥವಾ ಎನ್‌ವಿಎಂಇ ಎಂಬ ಎರಡು ವಿಧಾನಗಳಲ್ಲಿ ಯಾವುದಾದರೂ ಒಂದನ್ನು ಬಳಸುತ್ತವೆ. ಕೆಲವು ಸ್ಲಾಟ್‌ಗಳು ಇವುಗಳಲ್ಲಿ ಒಂದನ್ನಷ್ಟೇ ಬೆಂಬಲಿಸುತ್ತವೆ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಬಲ್ಲದು. ಪಿಸಿಐ ಎಕ್ಸ್‌ಪ್ರೆಸ್ 3.0ರ ನಾಲ್ಕು ಪಥಗಳನ್ನು ಬಳಸುವ ಎನ್‌ವಿಎಂಇ ಸಾಧನ ಸುಮಾರು 3,500 ಎಂಬಿವರೆಗೆ ಓದಬಲ್ಲದು. ಸಾಮಾನ್ಯ ಬಳಕೆಯ 2280 ಗಾತ್ರವೆಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟ್ ಬಳಸಿದಾಗ ಒಂದೆರಡು ಸಾಟಾ ಸಂಪರ್ಕಗಳು ನಿಷ್ಕ್ರಿಯವಾಗುತ್ತವೆ. ಹಳೆಯ ಹಾರ್ಡ್‌ಡಿಸ್ಕನ್ನೂ ಜೊತೆಗೆ ಬಳಸುವವರು ಕೈಪಿಡಿಯಲ್ಲಿ ಇದನ್ನು ಪರಿಶೀಲಿಸಬೇಕು.

ವಿದ್ಯುತ್ ಪೂರೈಕೆ

ಭಾರತದ ಮಾರುಕಟ್ಟೆಯಲ್ಲಿ ಎಸ್‌ಎಂಪಿಎಸ್ ಎಂದೇ ಪರಿಚಿತವಾದ ವಿದ್ಯುತ್ ಪೂರೈಕೆ ಘಟಕವು 230 ವೋಲ್ಟ್ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದ 12, 5 ಮತ್ತು 3.3 ವೋಲ್ಟ್‌ಗಳಿಗೆ ಪರಿವರ್ತಿಸುತ್ತದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡುಗಳು ಮುಖ್ಯವಾಗಿ 12 ವೋಲ್ಟ್ ವಿದ್ಯುತ್ತನ್ನು ಬಳಸುತ್ತವೆ. ಆದ್ದರಿಂದ ಪೆಟ್ಟಿಗೆಯ ಮೇಲಿನ ಒಟ್ಟು ವ್ಯಾಟ್‌ಗಿಂತ 12 ವೋಲ್ಟ್ ಸಾಲಿನಲ್ಲಿ ಎಷ್ಟು ವ್ಯಾಟ್ ದೊರೆಯುತ್ತದೆ ಎಂಬುದು ಮುಖ್ಯ. ಕ್ಯಾಬಿನೆಟ್ಟಿನ ಜೊತೆಗೇ ಬರುವ ಅಗ್ಗದ ಘಟಕಗಳು ಹಲವು ವೇಳೆ ಈ ಲೆಕ್ಕದಲ್ಲಿ ಸೋಲುತ್ತವೆ. ಇಂತಹ ಘಟಕ ಕೆಟ್ಟಾಗ ಅದಕ್ಕೆ ಜೋಡಿಸಿದ ದುಬಾರಿ ಭಾಗಗಳಿಗೂ ಹಾನಿಯಾಗುವ ಸಂಭವವಿದೆ. 80 ಪ್ಲಸ್ ಚಿಹ್ನೆಯು ವಿದ್ಯುತ್ ಪರಿವರ್ತನೆಯ ದಕ್ಷತೆಯನ್ನು ಸೂಚಿಸುತ್ತದೆಯೇ ವಿನಾ ಸುರಕ್ಷತೆಯನ್ನಾಗಲಿ ಬಾಳಿಕೆಯನ್ನಾಗಲಿ ಅಲ್ಲ.

ಗ್ರಾಫಿಕ್ಸ್ ಕಾರ್ಡು ಸ್ಲಾಟ್‌ನಿಂದ 75 ವ್ಯಾಟ್, 6 ಪಿನ್ ಸಂಪರ್ಕದಿಂದ 75 ವ್ಯಾಟ್, 8 ಪಿನ್ ಸಂಪರ್ಕದಿಂದ 150 ವ್ಯಾಟ್‌ವರೆಗೆ ಪಡೆಯಬಹುದೆಂದು ಮಾನಕ ಹೇಳುತ್ತದೆ. ಪ್ರೊಸೆಸರಿನ 8 ಪಿನ್ ತಂತಿ ಮತ್ತು ಗ್ರಾಫಿಕ್ಸ್ ಕಾರ್ಡಿನ 8 ಪಿನ್ ತಂತಿಗಳು ನೋಡಲು ಒಂದೇ ತೆರನಾಗಿದ್ದರೂ ಒಳಗಿನ ಜೋಡಣೆ ಬೇರೆಯಾಗಿದ್ದು, ಒಂದನ್ನು ಇನ್ನೊಂದರ ಜಾಗಕ್ಕೆ ಬಲವಂತವಾಗಿ ಸೇರಿಸಬಾರದು. ಬಿಚ್ಚಬಹುದಾದ ತಂತಿಗಳಿರುವ ಒಂದು ಎಸ್‌ಎಂಪಿಎಸ್‌ನ ತಂತಿಯನ್ನು ಮತ್ತೊಂದಕ್ಕೆ ಹಾಕುವುದೂ ಅಪಾಯಕಾರಿ.

ವಿದ್ಯುತ್ ಕಡಿತವಿರುವ ಊರುಗಳಲ್ಲಿ ಯುಪಿಎಸ್‌ನ ಹೊಂದಾಣಿಕೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಮನೆಬಳಕೆಯ 600 ವಿಎ ಯುಪಿಎಸ್ ಸಾಮಾನ್ಯವಾಗಿ ಸುಮಾರು 360 ವ್ಯಾಟ್ ಮಾತ್ರ ನೀಡುತ್ತದೆ. ಅಗ್ಗದ ಯುಪಿಎಸ್‌ಗಳ ವಿದ್ಯುತ್ ತರಂಗವು ಶುದ್ಧ ಸೈನ್ ರೂಪದಲ್ಲಿರುವುದಿಲ್ಲ. ಅಂತಹ ತರಂಗಕ್ಕೆ ಬದಲಾಗುವ ಕ್ಷಣದಲ್ಲಿ ಆಕ್ಟಿವ್ ಪಿಎಫ್‌ಸಿ ಇರುವ ಕೆಲವು ಎಸ್‌ಎಂಪಿಎಸ್‌ಗಳು ಆರಿಹೋಗುವುದುಂಟು.

ಕ್ಯಾಬಿನೆಟ್ ಮತ್ತು ತಂಪುಗೊಳಿಸುವಿಕೆ

ಎಟಿಎಕ್ಸ್ ಬೋರ್ಡು 305×244 ಮಿ.ಮೀ., ಮೈಕ್ರೋ ಎಟಿಎಕ್ಸ್ ಗರಿಷ್ಠ 244×244 ಮಿ.ಮೀ., ಮಿನಿ ಐಟಿಎಕ್ಸ್ 170×170 ಮಿ.ಮೀ. ಅಳತೆಯವು. ದೊಡ್ಡ ಕ್ಯಾಬಿನೆಟ್ಟಿನಲ್ಲಿ ಚಿಕ್ಕ ಬೋರ್ಡು ಕೂರುತ್ತದೆ. ಚಿಕ್ಕದರಲ್ಲಿ ದೊಡ್ಡದು ಕೂರುವುದಿಲ್ಲ. ಕಡಿಮೆ ವೆಚ್ಚದ ಜೋಡಣೆಗಳಲ್ಲಿ ಮೈಕ್ರೋ ಎಟಿಎಕ್ಸ್ ಹೆಚ್ಚು ಬಳಕೆಯಲ್ಲಿದೆ. ಗ್ರಾಫಿಕ್ಸ್ ಕಾರ್ಡಿನ ಉದ್ದ ಮತ್ತು ಪ್ರೊಸೆಸರ್ ಕೂಲರಿನ ಎತ್ತರಗಳನ್ನು ಕ್ಯಾಬಿನೆಟ್ ತಯಾರಕರು ನೀಡುವ ಮಿತಿಗಳೊಡನೆ ಹೋಲಿಸಬೇಕು. ಮುಂಭಾಗ ಪೂರ್ತಿ ಗಾಜಿನಿಂದ ಮುಚ್ಚಿದ ಕ್ಯಾಬಿನೆಟ್ಟಿಗಿಂತ ಜಾಲರಿಯುಳ್ಳ ಕ್ಯಾಬಿನೆಟ್ಟಿನಲ್ಲಿ ಗಾಳಿಯ ಸಂಚಾರ ಸಾಮಾನ್ಯವಾಗಿ ಉತ್ತಮವಾಗಿರುತ್ತದೆ. ಬೇಸಿಗೆಯ ಧಗೆಯಿರುವ ಪ್ರದೇಶಗಳಲ್ಲಿ ಇದನ್ನು ಕಡೆಗಣಿಸುವಂತಿಲ್ಲ.

ಸಾಮರ್ಥ್ಯದ ಸಮತೋಲನ

ಎಲ್ಲ ಭಾಗಗಳೂ ಹೊಂದಿಕೊಂಡು ಯಂತ್ರ ಚಾಲನೆಯಾದರೂ ಹಣ ವ್ಯರ್ಥವಾಗಿರಬಹುದು. ಪ್ರೊಸೆಸರ್ ಪ್ರತಿ ಚೌಕಟ್ಟಿನ ಲೆಕ್ಕಾಚಾರವನ್ನು ಸಿದ್ಧಪಡಿಸುತ್ತದೆ, ಗ್ರಾಫಿಕ್ಸ್ ಕಾರ್ಡು ಅದನ್ನು ಚಿತ್ರಿಸುತ್ತದೆ, ಮಾನಿಟರ್ ತೋರಿಸುತ್ತದೆ. ಇವುಗಳಲ್ಲಿ ನಿಧಾನವಾದುದೇ ಆಟದ ವೇಗವನ್ನು ನಿರ್ಧರಿಸುತ್ತದೆ. 1920×1080 ಪಿಕ್ಸೆಲ್, 60 ಹರ್ಟ್ಜ್ ಮಾನಿಟರು ಸೆಕೆಂಡಿಗೆ 60 ಚೌಕಟ್ಟುಗಳನ್ನು ಮಾತ್ರ ತೋರಿಸುವುದರಿಂದ, ಅದಕ್ಕಿಂತ ಬಹಳ ಹೆಚ್ಚು ಚೌಕಟ್ಟುಗಳನ್ನು ನೀಡುವ ಕಾರ್ಡಿನ ಪೂರ್ಣ ಲಾಭ ದೊರೆಯುವುದಿಲ್ಲ.

ಒಂದು ಉದಾಹರಣೆ

ರೈಜನ್ 5 5600 ಪ್ರೊಸೆಸರ್, ಬಿ550 ಚಿಪ್‌ಸೆಟ್‌ನ ಮೈಕ್ರೋ ಎಟಿಎಕ್ಸ್ ಬೋರ್ಡು, 8 ಜಿಬಿಯ ಎರಡು ಡಿಡಿಆರ್4-3200 ಪಟ್ಟಿಗಳು, ಆರ್‌ಎಕ್ಸ್ 6600 ಕಾರ್ಡು ಮತ್ತು 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಇರುವ ಜೋಡಣೆಯ ಪರಿಶೀಲನೆ ಹೀಗೆ ಸಾಗುತ್ತದೆ:

1. ಸಾಕೆಟ್: ಎರಡೂ ಎಎಂ4. ಬೋರ್ಡಿನ ಬಯೋಸ್ ಆವೃತ್ತಿ 5600ನ್ನು ಬೆಂಬಲಿಸುತ್ತದೆಯೇ ಎಂದು ಪಟ್ಟಿಯಲ್ಲಿ ನೋಡಬೇಕು.
2. ಮೆಮೊರಿ: ಎಎಂ4 ಆದ್ದರಿಂದ ಡಿಡಿಆರ್4 ಸರಿಯಾಗಿದೆ.
3. ಚಿತ್ರ: ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲ. ಮಾನಿಟರಿನ ತಂತಿಯನ್ನು ಬೋರ್ಡಿಗಲ್ಲ, ಕಾರ್ಡಿಗೆ ಜೋಡಿಸಬೇಕು.
4. ಪಥಗಳು: ಪ್ರೊಸೆಸರ್, ಬೋರ್ಡು, ಕಾರ್ಡು ಮೂರೂ ಪಿಸಿಐ ಎಕ್ಸ್‌ಪ್ರೆಸ್ 4.0 ಬೆಂಬಲಿಸುತ್ತವೆ.
5. ವಿದ್ಯುತ್: ಕಾರ್ಡಿಗೆ 132 ವ್ಯಾಟ್, ಪ್ರೊಸೆಸರಿಗೆ 90ಕ್ಕಿಂತ ಕಡಿಮೆ, ಉಳಿದ ಭಾಗಗಳಿಗೆ ಸುಮಾರು 50 ವ್ಯಾಟ್ ಎಂದಿಟ್ಟುಕೊಂಡರೆ ಒಟ್ಟು ಸುಮಾರು 270 ವ್ಯಾಟ್. ಒಳ್ಳೆಯ ಗುಣಮಟ್ಟದ 450 ವ್ಯಾಟ್ ಎಸ್‌ಎಂಪಿಎಸ್ ಸಾಕು. ಮುಂದಿನ ಉನ್ನತೀಕರಣಕ್ಕೆ 550 ವ್ಯಾಟ್ ಅನುಕೂಲ.
6. ಕೂಲರ್: 5600ರ ಚಿಲ್ಲರೆ ಪೆಟ್ಟಿಗೆಯೊಂದಿಗೆ ಕೂಲರ್ ಬರುತ್ತದೆ. ಬಿಡಿಯಾಗಿ ಮಾರುವ ಪ್ರೊಸೆಸರಿಗೆ ಬೇರೆ ಕೂಲರ್ ಕೊಳ್ಳಬೇಕು.

ಬಳಸಿದ ಭಾಗಗಳ ಖರೀದಿ

ಬೆಂಗಳೂರಿನ ಎಸ್.ಪಿ. ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್ ಭಾರತದಲ್ಲಿ ಕಂಪ್ಯೂಟರ್ ಬಿಡಿಭಾಗಗಳಿಗೆ ಹೆಸರಾದ ಮಾರುಕಟ್ಟೆಗಳು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಜಾಲವು ಗ್ರಾಫಿಕ್ಸ್ ಕಾರ್ಡು ಆಧಾರಿತ ಮೈನಿಂಗ್ ಪದ್ಧತಿಯನ್ನು ಕೈಬಿಟ್ಟ ನಂತರ ಅದಕ್ಕಾಗಿ ಬಳಸಿದ್ದ ಕಾರ್ಡುಗಳು ದೊಡ್ಡ ಸಂಖ್ಯೆಯಲ್ಲಿ ಮರುಮಾರಾಟಕ್ಕೆ ಬಂದವು. ಬಳಸಿದ ಕಾರ್ಡು ಕೊಳ್ಳುವ ಮುನ್ನ ಅದನ್ನು ಪೂರ್ಣ ಭಾರದಲ್ಲಿ ಸ್ವಲ್ಪ ಹೊತ್ತು ಚಾಲನೆಯಲ್ಲಿಟ್ಟು ಉಷ್ಣತೆ, ಫ್ಯಾನುಗಳ ತಿರುಗುವಿಕೆ ಮತ್ತು ಪರದೆಯ ಮೇಲಿನ ಕಲೆಗಳನ್ನು ಗಮನಿಸುವುದು ಒಳಿತು. ಹಳೆಯ ಕಾರ್ಡಿನ ಬಯೋಸ್ ತಿದ್ದಿ ಹೊಸ ಮಾದರಿಯ ಹೆಸರು ತೋರುವಂತೆ ಮಾಡಿದ ನಕಲಿಗಳೂ ಇವೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವು ಇಂತಹ ಹಲವನ್ನು ಗುರುತಿಸುತ್ತದೆ. ಬಳಸಿದ ಎಸ್‌ಎಂಪಿಎಸ್‌ನ ಆಂತರಿಕ ಸ್ಥಿತಿಯನ್ನು ಹೊರಗಿನಿಂದ ತಿಳಿಯುವುದು ಕಷ್ಟವಾದ್ದರಿಂದ ಅದನ್ನು ಹೊಸದಾಗಿಯೇ ಕೊಳ್ಳುವುದು ಸುರಕ್ಷಿತ.

ಕಾರ್ಯಾಚರಣ ವ್ಯವಸ್ಥೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಹಾಗೂ ಸುರಕ್ಷಿತ ಬೂಟ್ ಸೌಲಭ್ಯವಿರುವ ಯಂತ್ರ ಬೇಕು. ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೆಯ ತಲೆಮಾರಿನಿಂದ, ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಈಚಿನ ಪ್ರೊಸೆಸರುಗಳಿಗೆ ಅಧಿಕೃತ ಬೆಂಬಲವಿದೆ. ಕೆಲವು ಸ್ಪರ್ಧಾತ್ಮಕ ಆಟಗಳ ಮೋಸತಡೆ ತಂತ್ರಾಂಶಗಳೂ ಈ ಸೌಲಭ್ಯಗಳನ್ನು ಬಯಸುತ್ತವೆ. ಆದ್ದರಿಂದ ತೀರಾ ಹಳೆಯ ಪ್ರೊಸೆಸರ್ ಅಗ್ಗವಾಗಿ ದೊರೆತರೂ, ಅದರಲ್ಲಿ ತಾವು ಆಡಬಯಸುವ ಆಟ ನಡೆಯುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಇವನ್ನೂ ನೋಡಿ

- ಮದರ್‌ಬೋರ್ಡ್
- ಗ್ರಾಫಿಕ್ಸ್ ಕಾರ್ಡ್
- ಪಿಸಿಐ ಎಕ್ಸ್‌ಪ್ರೆಸ್
- ವಿಡಿಯೋ ಆಟ