ಹಳೆಯ ಕಾರಿಗೆ ಹೊಸ ಗಾಲಿ

ಒಂದು ಕಂಪನಿಯ ಕುಕ್ಕರಿಗೆ ಇನ್ನೊಂದು ಕಂಪನಿಯ ಮುಚ್ಚಳ ಕಣ್ಣಳತೆಗೆ ಸರಿಯಾಗಿಯೇ ಕಾಣುತ್ತದೆ. ಒಲೆಯ ಮೇಲಿಟ್ಟಾಗಲೇ ಅದರ ಬಣ್ಣ ಬಯಲು. ಕಾರಿನ ಗಾಲಿಗೂ ಇದೇ ನ್ಯಾಯವೆಂದು ನನಗೆ ಕಲಿಸಿದ್ದು ನಮ್ಮ ಮನೆಯ ಅಂಬಾಸಿಡರ್.

ಅದರದು ದೊಡ್ಡ ವಂಶ. 1956ರಲ್ಲಿ ಬ್ರಿಟನ್ನಿನಲ್ಲಿ ಬಂದ ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಮಾದರಿಯೇ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಎಂಬ ಹೆಸರು ಹೊತ್ತು, 2014ರವರೆಗೆ ತಯಾರಾಗುತ್ತಿತ್ತು. ನಮ್ಮ ಮಾವನವರು ಕೊಂಡ ಆ ಕಾರನ್ನು ಅವರು ಹೋದ ಮೇಲೂ ನಾವು ಮಾರಲಿಲ್ಲ. ಮಮತೆಯೊಂದೇ ಕಾರಣವಲ್ಲ. ಮಂಡಿನೋವಿನ ಅತ್ತೆಯವರು ಸೀರೆ ಸರಿಪಡಿಸಿಕೊಂಡು, ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂರಬಲ್ಲ ಎತ್ತರದ ಸೀಟು ಅದರದು.

ಹಿಂದಿನ ಎರಡು ಉಕ್ಕಿನ ಗಾಲಿಗಳಿಗೆ ತುಕ್ಕು ಹಿಡಿಯಿತೆಂದು ಮಗ ನಾಲ್ಕೂ ಹೊಸ ಅಲಾಯ್ ಗಾಲಿ ಹಾಕಿಸಿಕೊಂಡು ಬಂದ. ಕಾರು ಮದುವಣಗಿತ್ತಿಯಂತೆ ಹೊಳೆಯಿತು. ಆದರೆ ಎಪ್ಪತ್ತು ಕಿಲೋಮೀಟರ್ ವೇಗ ಮುಟ್ಟಿದೊಡನೆ ಸ್ಟೀರಿಂಗು ನನ್ನ ಕೈಯಲ್ಲಿ ಗಡಗಡ ನಡುಗುತ್ತಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ "ಅಯ್ಯೋ ಸಾಕಮ್ಮ, ನಿಲ್ಲಿಸು" ಎನ್ನುವರು. ಬ್ಯಾಲೆನ್ಸ್ ಮಾಡಿಸಿ, ಸೀಸದ ತುಂಡು ಅಂಟಿಸಿದರೂ ನಡುಕ ಹೋಗಲಿಲ್ಲ. "ಗುಜರಿಗೆ ಕೊಡೋಣ ಬಿಡಮ್ಮ" ಎಂದ ಮಗ.

ನಮ್ಮ ಹಳ್ಳಿಯ ಬಂಡಿಯನ್ನು ನೆನೆಯಿರಿ. ಗುಂಬ, ಅರ, ಹಳಿ ಎಲ್ಲವೂ ಆ ಒಂದು ಗಾಲಿಗಾಗಿಯೇ ಹುಟ್ಟಿದವು. ಹಳಿಯನ್ನು ಕೆಂಪಗೆ ಕಾಯಿಸಿ ತೊಡಿಸಿ ನೀರೆರೆದರೆ ಅದು ಕುಗ್ಗಿ ಬಿಗಿಯಾಗುತ್ತದೆ. 1924ರಲ್ಲಿ ಎಟೋರೆ ಬುಗಾಟ್ಟಿ ತನ್ನ ಟೈಪ್ 35 ರೇಸ್ ಕಾರಿಗೆ ಅಲ್ಯೂಮಿನಿಯಂ ಗಾಲಿ ಎರಕ ಹೊಯ್ದಾಗಲೂ ಅದು ಆ ಕಾರಿಗೆಂದೇ ಮಾಡಿದ್ದು, ಬ್ರೇಕಿನ ಡ್ರಮ್ಮೂ ಅದರಲ್ಲೇ ಸೇರಿತ್ತು. ಅಂಗಡಿಯ ಗಾಲಿ ಹಾಗಲ್ಲ. ಹತ್ತಾರು ಕಾರುಗಳಿಗೆ ಆಗಲೆಂದು ನಡುವಿನ ತೂತನ್ನು ದೊಡ್ಡದಾಗಿಯೇ ಬಿಟ್ಟಿರುತ್ತಾರೆ.

ನಮ್ಮ ಬೀದಿಯ ಮುದಿ ಮೇಸ್ತ್ರಿ ಮೊದಲು ಮಾಡಿದ ಕೆಲಸ, ಚೆನ್ನಾಗಿದ್ದ ಎರಡು ಹಳೆಯ ಗಾಲಿಗಳನ್ನು ಮುಂದಕ್ಕೆ ಹಾಕಿ ನನ್ನ ಕೈಗೆ ಕಾರು ಕೊಟ್ಟದ್ದು. ನಡುಕ ಮಾಯ! "ರೋಗ ಕಾರಿನದಲ್ಲಮ್ಮ, ಗಾಲಿಯದು" ಎಂದರು. ಮತ್ತೆ ಹೊಸದನ್ನು ಹಾಕಿ, ಜಾಕಿನ ಮೇಲೆ ತಿರುಗಿಸಿ, ಅಂಚಿನ ಹತ್ತಿರ ಸೀಮೆಸುಣ್ಣ ಹಿಡಿದರು. ಒಂದು ಕಡೆ ಮಾತ್ರ ಗೀರು ಬಿತ್ತು. ಗಾಲಿ ನಟ್ಟನಡುವೆ ಕೂತಿರಲಿಲ್ಲ.

ಬ್ಯಾಲೆನ್ಸಿಂಗ್ ಯಂತ್ರ ಗಾಲಿಯ ತೂತಿಗೆ ತನ್ನದೇ ಶಂಕು ತುರುಕಿ ನಡುವಿಗೆ ನಿಲ್ಲಿಸಿಕೊಳ್ಳುತ್ತದೆ. ಕಾರಿನ ಹಬ್ಬಿನ ಮೇಲೆ ಅದೇ ತೂತು ಸಡಿಲ. ಟೈರೂ ಸೇರಿ 15 ಕಿಲೋ ತೂಗುವ ಗಾಲಿ ಒಂದೇ ಒಂದು ಮಿಲಿಮೀಟರ್ ಸರಿದರೂ, 15 ಅಂಗುಲದ ರಿಮ್ಮಿನ ಅಂಚಿಗೆ ಸುಮಾರು 80 ಗ್ರಾಂ ಕಟ್ಟಿದ ಹಾಗೆ. ಎಪ್ಪತ್ತರ ವೇಗದಲ್ಲಿ ಆ 80 ಗ್ರಾಂ ಸುಮಾರು 5 ಕಿಲೋ ಭಾರದಂತೆ ಜಗ್ಗುತ್ತದೆ, ಅದೂ ಸೆಕೆಂಡಿಗೆ ಒಂಬತ್ತು ಹತ್ತು ಸಲ! ವೇಗ ಇಮ್ಮಡಿಯಾದರೆ ಜಗ್ಗಾಟ ನಾಲ್ಮಡಿ.

ಇನ್ನೊಂದು ಅಪಾಯವನ್ನೂ ಮೇಸ್ತ್ರಿ ತೋರಿಸಿದರು. ಹಳೆಯ ನಟ್ಟುಗಳ ಮುಖ ಶಂಕುವಿನಾಕಾರ, ಹೊಸ ಗಾಲಿಯಲ್ಲಿ ಅವು ಕೂರುವ ಜಾಗ ಚಪ್ಪಟೆ. ಅಂಚಿನಲ್ಲಷ್ಟೇ ಕಚ್ಚಿಕೊಂಡಿದ್ದ ಆ ನಟ್ಟುಗಳು ಯಾವ ದಿನ ಸಡಿಲವಾಗುತ್ತಿದ್ದವೋ! ನಡುಕವನ್ನು ಸಹಿಸಿಕೊಂಡು ಓಡಿಸಿದ್ದರೆ ಗಾಲಿಯೇ ಕಳಚಿಬೀಳಬಹುದಿತ್ತು.

ಲೇತಿನಲ್ಲಿ ಬಳೆಯಂಥ ತೆಳು ಉಂಗುರಗಳನ್ನು ಕಡೆಸಿ, ಹಬ್ಬಿಗೂ ಗಾಲಿಗೂ ನಡುವಿನ ಸಂದು ತುಂಬಿದೆವು. ಗಾಲಿಗೆ ಒಪ್ಪುವ ನಟ್ಟು ತಂದು, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದದ್ದಾಯಿತು. ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಲು ಮೇಸ್ತ್ರಿ ತಾಕೀತು ಮಾಡಿದರು.

ಮರುವಾರ ಬೆಂಗಳೂರಿಗೆ ಹೊರಟೆವು. ಮದ್ದೂರು ದಾಟುವಷ್ಟರಲ್ಲಿ ಅತ್ತೆ ನಿದ್ದೆ ಹೋಗಿದ್ದರು. ಗುಜರಿಯ ಮಾತನ್ನು ಮಗ ಮತ್ತೆ ಎತ್ತಲಿಲ್ಲ.