ತಂತಿಯ ಚರಿತ್ರೆ

ಸಂಗೀತದ ಕಚೇರಿಗೆ ಹೊತ್ತಿಗೆ ಸರಿಯಾಗಿ ಹೋಗಿ ಕುಳಿತವರಿಗೆ ಮೊದಲು ದೊರೆಯುವುದು ಸಂಗೀತವಲ್ಲ, ಶ್ರುತಿ ಕೂಡಿಸುವ ಸಡಗರ. ವೈಣಿಕರು ಬಿರಡೆಯನ್ನು ಎಳ್ಳಷ್ಟು ತಿರುಗಿಸುವರು, ಮೀಟುವರು, ತಲೆಯಾಡಿಸುವರು, ಮತ್ತೆ ಸಡಿಲಿಸುವರು. ಮುಂದಿನ ಸಾಲಿನ ದೊಡ್ಡ ಮನುಷ್ಯರು ಗಡಿಯಾರವನ್ನು ನೋಡಿಕೊಳ್ಳುವರು. ಆಕಾಶವಾಣಿಯಲ್ಲಿ ಕಚೇರಿಯನ್ನು ಕೇಳುವವರಿಗೆ ಈ ತೊಡಕಿಲ್ಲ. ಅವರ ಕಿವಿಗೆ ನಾದವು ಮುಟ್ಟುವ ವೇಳೆಗೆ ಶ್ರುತಿಯು ಸೇರಿ ಮುಗಿದಿರುತ್ತದೆ. ಇದು ಒಂದು ಸೌಕರ್ಯವೆಂಬುದು ನಿಜ. ಆದರೆ ಇದರಿಂದ ಒಂದು ನಷ್ಟವೂ ಉಂಟು. ಎಳೆದು ಕಟ್ಟಿದ ಒಂದು ಲೋಹದ ಎಳೆಯನ್ನು ಸ್ವರದಲ್ಲಿ ನಿಲ್ಲಿಸುವುದಕ್ಕೆ ಎಷ್ಟು ಜನರ ಎಷ್ಟು ಕಾಲದ ಶ್ರಮವು ಬೇಕಾಯಿತೆಂಬುದು ನಮ್ಮ ಕಣ್ಣಿನಿಂದಲೂ ಕಿವಿಯಿಂದಲೂ ಮರೆಯಾಗಿ ಹೋಗುತ್ತದೆ. ವೈಣಿಕರ ಚರಿತ್ರೆಯನ್ನು ಬರೆದವರು ಹಲವರಿದ್ದಾರೆ. ತಂತಿಯ ಚರಿತ್ರೆಯನ್ನು ಹೇಳಿದವರು ಕಡಮೆ. ಈ ಸಂಜೆ ನಾವು ಅದನ್ನೇ ಸ್ವಲ್ಪ ವಿಚಾರಮಾಡೋಣ.

ಹಳೆಯ ಕಾಲದ ವಾದ್ಯಗಳನ್ನು ತಿಳಿಯಲು ನಾವು ಮೊದಲು ಹೋಗುವುದು ದೇವಸ್ಥಾನಗಳಿಗೆ. ಕೃಷ್ಣರಾಜಪೇಟೆ ಸೀಮೆಯಲ್ಲಿ ಇದಕ್ಕೆ ಬೇಕಾದಷ್ಟು ಅವಕಾಶವಿದೆ. ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯವು 1171ರಲ್ಲಿ ಬಮ್ಮವ್ವೆ ನಾಯಕಿತಿಯೆಂಬ ಸ್ತ್ರೀಯು ಕಟ್ಟಿಸಿದುದು. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವು ಸುಮಾರು 1250ರದು. ನಾಗಮಂಗಲದಲ್ಲಿ ಸೌಮ್ಯಕೇಶವನ ಗುಡಿಯಿದೆ. ಹೊಯ್ಸಳರ ಕಾಲದ ಇಂತಹ ಗುಡಿಗಳ ಭಿತ್ತಿಗಳಲ್ಲಿ ನಾಟ್ಯದವರು, ಮದ್ದಳೆಯವರು, ಕೊಳಲಿನವರು ಕಿಕ್ಕಿರಿದು ನಿಂತಿರುವುದನ್ನು ನೋಡಿದವರಿಗೆ ಆ ಕಾಲದ ಜನರು ನಾದಕ್ಕೆ ಎಷ್ಟು ಒಲಿದಿದ್ದರೆಂಬುದು ವಿದಿತವಾಗುತ್ತದೆ. ಆಗಿನ ಶಿಲ್ಪದಲ್ಲಿ ಕಾಣುವ ವೀಣೆಯು ಇಂದಿನದಲ್ಲ. ಒಂದು ಕೋಲು, ಅದಕ್ಕೆ ಸೋರೆಯ ಬುರುಡೆ, ಅಷ್ಟೆ. ಆದರೆ ಒಂದು ವಿಷಯವನ್ನು ಗಮನಿಸಬೇಕು. ಶಿಲ್ಪಿಯು ಬುರುಡೆಯನ್ನು ಕಡೆದನು, ಕೋಲನ್ನು ಕಡೆದನು, ಮೀಟುವ ಬೆರಳಿನ ಉಂಗುರವನ್ನೂ ಬಿಡದೆ ಕಡೆದನು. ಕೂದಲಿನಷ್ಟು ತೆಳುವಾದ ತಂತಿಯನ್ನು ಮಾತ್ರ ಅವನ ಉಳಿಯು ಕಲ್ಲಿನಿಂದ ಬಿಡಿಸಿ ಎತ್ತಲಾರದು. ಹೀಗಾಗಿ ತಂತಿಯ ವಿಷಯದಲ್ಲಿ ದೇವಾಲಯಗಳು ಮೂಕವಾಗಿವೆ.

ಗ್ರಂಥಗಳು ಇನ್ನು ಸ್ವಲ್ಪ ಮಾತನಾಡುತ್ತವೆ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತ ರತ್ನಾಕರ’ದಲ್ಲಿ ಮೆಟ್ಟಿಲುಗಳುಳ್ಳ ಕಿನ್ನರಿಯ ಲಕ್ಷಣವನ್ನು ಹೇಳಿರುವನು. ವಿಜಯನಗರದ ರಾಮಾಮಾತ್ಯನು 1550ರಲ್ಲಿ ಮುಗಿಸಿದ ‘ಸ್ವರಮೇಳಕಲಾನಿಧಿ’ಯಲ್ಲಿ ವೀಣೆಯ ಮೆಟ್ಟಿಲುಗಳ ಸ್ಥಾನವನ್ನೂ ತಂತಿಗಳ ಶ್ರುತಿಯನ್ನೂ ವಿವರಿಸಿದನು. ಮುಂದಿನ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಕಾಲಕ್ಕೆ 24 ಮೆಟ್ಟಿಲುಗಳ ವೀಣೆಯು ನೆಲೆಗೊಂಡಿತೆಂದು ಸಂಪ್ರದಾಯ. ಶರಣರ ಕಾಲದ ಕಿನ್ನರಿ ಬ್ರಹ್ಮಯ್ಯನು ಕಿನ್ನರಿಯನ್ನು ಹಿಡಿಯುವ ಮುನ್ನ ಅಕ್ಕಸಾಲೆಯಾಗಿದ್ದನೆಂದು ಕಥೆ ಇದೆ. ಕಥೆಯಾದರೂ ಅದರಲ್ಲಿ ಒಂದು ಔಚಿತ್ಯವುಂಟು. ಕಂಬಿಯನ್ನು ಎಳೆಯುವ ವಿದ್ಯೆಯು ಮೊದಲಿನಿಂದಲೂ ಅಕ್ಕಸಾಲೆಯ ಮನೆಯದೇ ಅಲ್ಲವೆ?

ಇನ್ನು ನಮ್ಮ ಸೀಮೆಗೆ ಬರೋಣ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ನವರಾತ್ರಿಯ ಉತ್ಸವವು ಅಲ್ಲಿ ವೈಭವದಿಂದ ನಡೆಯತೊಡಗಿತು. ಕಂಠೀರವ ನರಸರಾಜ ಒಡೆಯರ ಆಸ್ಥಾನದ ಸಂಭ್ರಮವನ್ನು ಗೋವಿಂದ ವೈದ್ಯನು ‘ಕಂಠೀರವ ನರಸರಾಜ ವಿಜಯ’ದಲ್ಲಿ ವಿಸ್ತಾರವಾಗಿ ಬಣ್ಣಿಸಿರುವನು. ಪಟ್ಟಣದಲ್ಲಿ ವಾದ್ಯಗಳಿದ್ದುವು ಎಂದಮೇಲೆ ತಂತಿಗಳೂ ಹರಿದುಹೋಗುತ್ತಿದ್ದುವು. ಹರಿದುದಕ್ಕೆ ಬದಲು ಬೇಕಾಗುತ್ತಿದ್ದಿತು. ಆ ಬದಲಿನ ತಂತಿಯು ಎಲ್ಲಿಂದ ಬರುತ್ತಿದ್ದಿತು?

ಇದಕ್ಕೆ ಉತ್ತರವು ಒಬ್ಬ ಪರದೇಶಿಯ ದಿನಚರಿಯಲ್ಲಿದೆ. 1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಈ ದೇಶದ ಬೆಳೆ, ಕೈಗಾರಿಕೆ, ಜನಜೀವನಗಳನ್ನು ಪರೀಕ್ಷಿಸಲು ಕಳುಹಿಸಿದನು. ಆತನ ಪ್ರವಾಸದ ವೃತ್ತಾಂತವು ಮೂರು ಸಂಪುಟಗಳಾಗಿ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಶ್ರೀರಂಗಪಟ್ಟಣಕ್ಕೆ ಸುಮಾರು 40 ಮೈಲಿ ದೂರದ ಚನ್ನಪಟ್ಟಣದ ವಿಷಯವನ್ನು ಬರೆಯುವಾಗ ಆತನು, ಅಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನು ಮಾಡುವರೆಂದೂ, ಅದಕ್ಕೆ ಬಹಳ ಹೆಸರುಂಟೆಂದೂ, ಭರತಖಂಡದ ದೂರದೂರದ ಭಾಗಗಳಿಗೆ ಅದು ಹೋಗುತ್ತದೆಂದೂ ತಿಳಿಸಿರುವನು. ಯುದ್ಧಗಳು ಹಳ್ಳಿಗಳನ್ನು ಸುಟ್ಟು ಒಂದು ವರ್ಷವಷ್ಟೇ ಕಳೆದಿದ್ದ ದಿನಗಳಲ್ಲಿ, ದೇಶವೆಲ್ಲ ದಣಿದು ಕುಳಿತಿದ್ದಾಗ, ದಾರಿಯ ಬದಿಯ ಒಂದು ಊರಿನಲ್ಲಿ ಯಾರೋ ಕುಳಿತು ವೀಣೆಗೆ ತಂತಿಯನ್ನು ಎಳೆಯುತ್ತಿದ್ದರು! ಈ ಒಂದು ಸಂಗತಿಯು ಮುತ್ತಿಗೆಯ ನೂರು ಪುಟಗಳಿಗಿಂತ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದಿದೆ.

ಆ ಉಕ್ಕಿನ ಹುಟ್ಟೂ ಹತ್ತಿರದಲ್ಲಿಯೇ. ಮಾಗಡಿಯ ಕಡೆಯ ಕುಲುಮೆಗಳನ್ನು ಬುಕನನ್ನನು ನಿಂತು ನೋಡಿದನು. ಹಳ್ಳಗಳ ಕಪ್ಪು ಮರಳನ್ನು ಕಾಯಿಸಿ ಕಬ್ಬಿಣವನ್ನು ತೆಗೆಯುವರು. ಆ ಕಬ್ಬಿಣದ ಚಿಕ್ಕ ತುಂಡನ್ನು ಜೇಡಿಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿಯ ಕಟ್ಟಿಗೆಯನ್ನೂ ಹಸಿಯ ಎಲೆಗಳನ್ನೂ ಸೇರಿಸಿ, ಬಾಯನ್ನು ಮಣ್ಣಿನಿಂದ ಮುಚ್ಚಿ, ತಿದಿಯೊತ್ತಿ ಬೆಂಕಿಯಲ್ಲಿ ಬೇಯಿಸುವರು. ಕಟ್ಟಿಗೆಯ ಇಂಗಾಲವು ಕಬ್ಬಿಣದಲ್ಲಿ ಬೆರೆತು ಉಕ್ಕಾಗುವುದು. ನಮ್ಮ ಹೊಲದ ಬೇಲಿಗಳಲ್ಲಿ ಹಳದಿಯ ಹೂ ಬಿಟ್ಟು ನಿಲ್ಲುವ ಆ ತಂಗಡಿಯ ಗಿಡಕ್ಕೂ ವೀಣೆಯ ನಾದಕ್ಕೂ ಇಂತಹ ಸಂಬಂಧವಿರಬಹುದೆಂದು ಯಾರು ಎಣಿಸಿಯಾರು? ಉಕ್ಕನ್ನು ಬಡಿದು ಸಣ್ಣ ಸಲಾಕೆಯನ್ನು ಮಾಡಿ, ಒಂದಕ್ಕಿಂತ ಒಂದು ಕಿರಿದಾದ ತೂತುಗಳಿರುವ ಕಂಬಿಯಚ್ಚಿನಲ್ಲಿ ತೂರಿಸಿ ಎಳೆಯುವುದೇ ತಂತಿಯ ಕೆಲಸದ ಸಾರ. ಎಳೆದಷ್ಟೂ ಲೋಹವು ಬಿರುಸಾಗುವುದು. ಬಿರುಸು ಮಿತಿಮೀರಿದರೆ ತುಂಡಾಗುವುದು. ಆದುದರಿಂದ ನಡುನಡುವೆ ಕಾಯಿಸಿ ಮೆದುಮಾಡಬೇಕು. ಯಾವಾಗ ಕಾಯಿಸಬೇಕು, ಎಷ್ಟು ಕಾಯಿಸಬೇಕೆಂಬುದೆಲ್ಲ ಕೈಯ ತಿಳಿವಳಿಕೆ.

ವೈಣಿಕನಿಗೆ ಬೇಕಾದ ತಂತಿಯಲ್ಲಿ ಇನ್ನೊಂದು ಗುಣವೂ ಇರಬೇಕು. ಅದು ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪವಾಗಿರಬೇಕು. ತಂತಿಯ ಸ್ವರವು ಅದರ ಉದ್ದ, ಭಾರ, ಬಿಗಿ ಈ ಮೂರರಿಂದ ನಿರ್ಣಯವಾಗುತ್ತದೆಂಬುದನ್ನು ಫ್ರಾನ್ಸಿನ ಮೆರ್ಸೆನ್ನನು 1636ರಲ್ಲಿ ಸೂತ್ರರೂಪವಾಗಿ ಬರೆದನು. ಬಿಗಿಯನ್ನು ನಾಲ್ಕರಷ್ಟು ಮಾಡಿದರೆ ಸ್ವರವು ಒಂದು ಸ್ಥಾಯಿ ಮೇಲೇರುವುದು. ತಂತಿಯು ಒಂದು ಕಡೆ ದಪ್ಪವೂ ಮತ್ತೊಂದು ಕಡೆ ತೆಳುವೂ ಆಗಿದ್ದರೆ, ಬಿಟ್ಟ ತಂತಿಯಲ್ಲಿ ಶ್ರುತಿಯು ಸೇರಿದರೂ ಮೆಟ್ಟಿಲಿನ ಮೇಲೆ ಒತ್ತಿದಾಗ ಸ್ವರವು ತಪ್ಪುವುದು. ವಾದಕನು ಬಿರಡೆಯನ್ನು ಎಷ್ಟು ತಿರುಗಿಸಿದರೂ ಈ ದೋಷವು ಹೋಗದು. ಚನ್ನಪಟ್ಟಣದ ತಂತಿಯು ಅಷ್ಟು ದೂರ ಹೋಗುತ್ತಿದ್ದಿತೆಂಬುದರಿಂದಲೇ ಅಲ್ಲಿಯ ಕೈಗಳು ಎಂತಹವೆಂಬುದನ್ನು ಊಹಿಸಬಹುದು.

ಶ್ರೀರಂಗಪಟ್ಟಣದ ಸಂಗೀತವೆಂದರೆ ಪ್ರಪಂಚಕ್ಕೆ ನೆನಪಾಗುವುದು ಟಿಪ್ಪುಸುಲ್ತಾನನ ಮರದ ಹುಲಿ. ಬಿದ್ದ ಸಿಪಾಯಿಯ ಮೇಲೆ ಎರಗಿದ ಹುಲಿ. ಅದರ ಹೊಟ್ಟೆಯಲ್ಲಿ ಗಾಳಿಯ ಕೊಳವೆಗಳ ಆರ್ಗನ್ ವಾದ್ಯ. 1799ರಲ್ಲಿ ಕೊಳ್ಳೆಯಾಗಿ ಹೋಗಿ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ನೋಡಲು ಜನ ಮುಗಿಬೀಳುವರು. ಕೊಳ್ಳೆ ಹೊಡೆಯುವವರಿಗೆ ತಂತಿಯ ಸುರುಳಿಯು ಕಣ್ಣಿಗೆ ಬೀಳುವಂತಹ ವಸ್ತುವಲ್ಲ, ಅದೂ ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ರಾಜಧಾನಿಯು ಮೈಸೂರಿಗೆ ಹೋಯಿತು. 1799ನೆಯ ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ವೀಣೆಯು ಆ ಆಸ್ಥಾನದಲ್ಲಿ ಬೆಳೆದು, ಚಿಕ್ಕರಾಮಪ್ಪನವರ ಮಕ್ಕಳಾದ ವೀಣೆ ಶೇಷಣ್ಣನವರ (1852–1926) ಕೈಯಲ್ಲಿ ಪರಮಾವಧಿಯನ್ನು ಮುಟ್ಟಿದ ಸಂಗತಿಯು ತಮಗೆಲ್ಲ ತಿಳಿದುದೇ.

ವೀಣೆಯನ್ನು ಮನೆಯಲ್ಲಿಟ್ಟುಕೊಂಡವರಿಗೆ ತಂತಿಯನ್ನು ಬದಲಾಯಿಸುವ ಪಾಡು ಗೊತ್ತು. ಏಳು ತಂತಿಗಳು, ಸಾರಣಿ, ಪಂಚಮ, ಮಂದರ, ಅನುಮಂದರವೆಂಬ ನಾಲ್ಕು ಮೆಟ್ಟಿಲುಗಳ ಮೇಲೆ, ಮೂರು ತಾಳದವು ಪಕ್ಕದಲ್ಲಿ. ನಾದವು ಮಂಕಾಗಿ, ಬೆರಳಿಗೆ ತುಕ್ಕು ಒರಟಾಗಿ ತಗುಲಿ, ಮೆಟ್ಟಿಲಿನ ಸ್ವರಗಳು ಒಂದಕ್ಕೊಂದು ಹೊಂದದೆ ಹೋದರೆ ತಂತಿಯ ಆಯುಷ್ಯವು ಮುಗಿಯಿತೆಂದು ತಿಳಿಯಬೇಕು. ಎಲ್ಲವನ್ನೂ ಒಟ್ಟಿಗೆ ಬಿಚ್ಚಬಾರದು. ಬಿಗಿಯೆಲ್ಲ ಒಮ್ಮೆಗೇ ಹೋದರೆ ಕುದುರೆಯು ಜಾರುವುದು. ಒಂದನ್ನು ಬಿಚ್ಚಿ ಒಂದನ್ನು ಹಾಕುವುದು ಕ್ರಮ. ಬಿರಡೆಯ ಮೇಲೆ ಸುತ್ತುಗಳು ಒಂದರ ಮೇಲೊಂದು ಏರದೆ ಪಕ್ಕಪಕ್ಕದಲ್ಲಿ ಕೂರಬೇಕು. ಬಿರಡೆಯು ಜಾರಿದರೆ ಸ್ವಲ್ಪ ಸೀಮೆಸುಣ್ಣವನ್ನು ಸವರುವರು. ಹೊಸ ತಂತಿಯು ಒಂದೆರಡು ದಿವಸ ಇಳಿಯುತ್ತಲೇ ಇರುವುದು. ಸುತ್ತುಗಳು ಬಿಗಿದು, ಕುದುರೆಯ ಮೇಲಿನ ಬಾಗು ನೆಟ್ಟಗೆ ಕೂರುವವರೆಗೆ ಅದು ಹೊಸ ಸೊಸೆಯಂತೆ. ಆಮೇಲೆ ನಾಗಪಾಶದ ಕಡೆಯಿರುವ ಲಂಗರುಗಳನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು.

ನಾವು ಹುಡುಗರಾಗಿದ್ದಾಗ ಅವಸರದಿಂದ ಏಳನ್ನೂ ಬಿಚ್ಚಿ, ಕುದುರೆಯನ್ನು ಉರುಳಿಸಿ, ಮನೆಯ ಹಿರಿಯರಿಂದ ಅನ್ನಿಸಿಕೊಂಡುದು ಇನ್ನೂ ನೆನಪಿದೆ.

ತಂತಿಯೊಂದೇ ಅಲ್ಲ, ಮೇಳವೂ ಉಂಟು. 24 ಕಂಚಿನ ಮೆಟ್ಟಿಲುಗಳು ಜೇನುಮೇಣಕ್ಕೆ ಮಸಿ ಬೆರಸಿದ ಕಪ್ಪು ಮೇಣದಲ್ಲಿ ನಿಂತಿರುತ್ತವೆ. ಬೇಸಿಗೆಯಲ್ಲಿ ಮೇಣವು ಮೆತ್ತಗಾಗಿ ಮೆಟ್ಟಿಲುಗಳು ಅಲುಗುವುವು. ಬಿಸಿಲಿಗೆ ತಂತಿಯು ಹಿಗ್ಗಿ ಶ್ರುತಿಯು ಇಳಿಯುವುದು. ಮಳೆಗಾಲದಲ್ಲಿ ಹಲಸಿನ ಮರವು ತೇವವನ್ನು ಹೀರಿ ಬಿರಡೆಗಳು ಕಚ್ಚಿಕೊಳ್ಳುವುವು. ಕಾವೇರಿಯ ಎರಡು ಕವಲುಗಳ ನಡುವೆ ಕುಳಿತ ಶ್ರೀರಂಗಪಟ್ಟಣದಂತಹ ಊರಿನಲ್ಲಿ ತುಕ್ಕಿನ ಹಾವಳಿಯು ಎಷ್ಟಿರಬಹುದೆಂಬುದನ್ನು ಹೇಳಬೇಕಾಗಿಲ್ಲ. ಮೇಳವನ್ನು ಹೊಸದಾಗಿ ಕಟ್ಟುವವನಿಗೆ ಕಿವಿಯೇ ಅಳತೆಗೋಲು. ಕುದುರೆಯ ರಹಸ್ಯವನ್ನು ಸರ್ ಸಿ. ವಿ. ರಾಮನ್ನರು 1921ರಲ್ಲಿ ಬರೆದ ಲೇಖನವೊಂದರಲ್ಲಿ ವಿವರಿಸಿದರು. ತಂತಿಯು ಅದರ ಬಾಗಿದ ಲೋಹದ ಮೈಯನ್ನು ಸವರಿಕೊಂಡು ಮಿಡಿಯುವುದರಿಂದ, ಐರೋಪ್ಯ ವಾದ್ಯಗಳಲ್ಲಿ ಹುಟ್ಟಬಾರದೆಂದು ಶಾಸ್ತ್ರವು ಹೇಳುವ ಮೇಲಣ ಸ್ವರಗಳೂ ವೀಣೆ ತಂಬೂರಿಗಳಲ್ಲಿ ಹುಟ್ಟುತ್ತವೆ.

ಐರೋಪ್ಯರು ಗಿಟಾರಿಗೆ ಬಹುಕಾಲ ಕುರಿಯ ಕರುಳಿನ ತಂತಿಯನ್ನು ಕಟ್ಟುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಕರುಳೆಲ್ಲ ಗಾಯದ ಹೊಲಿಗೆಗೆ ಹೋದುದರಿಂದ ನೈಲಾನ್ ತಂತಿಯು ಬಂದಿತು. ಉಕ್ಕಿನ ತಂತಿಯ ಗಿಟಾರಿನಲ್ಲಿ ಆರು ತಂತಿಗಳ ಎಳೆತವು ಒಟ್ಟು ಸುಮಾರು 70 ಕಿಲೋಗ್ರಾಂ, ಒಬ್ಬ ಆಳಿನ ತೂಕ! ಅಂತಹ ಎಳೆತವನ್ನು ತಾಳುವ ತಂತಿಯು ಪಿಯಾನೋಗಾಗಿ 19ನೆಯ ಶತಮಾನದಲ್ಲಿ ಬೆಳೆದುದು. ಬರ್ಮಿಂಗ್‌ಹ್ಯಾಮಿನ ಜೇಮ್ಸ್ ಹಾರ್ಸ್‌ಫಾಲನು 1854ರಲ್ಲಿ ಒಂದು ಹೊಸ ಉಕ್ಕಿನ ತಂತಿಗೆ ಹಕ್ಕುಪತ್ರವನ್ನು ಪಡೆದನು. 1866ರಲ್ಲಿ ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ಹಾಸಿದ ಟೆಲಿಗ್ರಾಫಿನ ಹಗ್ಗಕ್ಕೆ ಹೊದಿಸಿದುದೂ ಅದೇ ತಂತಿಯೇ. ನಮ್ಮ ಜನರು ಟೆಲಿಗ್ರಾಮನ್ನು ‘ತಂತಿ’ಯೆಂದು ಕರೆದುದು ಎಷ್ಟು ಸರಿಯಾಗಿದ್ದಿತು, ನೋಡಿ! ಆ ತಂತಿಯು 2013ರ ಜುಲೈಯಲ್ಲಿ ನಿಂತುಹೋಯಿತು, ವೀಣೆಯದು ನಿಂತಿಲ್ಲ.

ಯಂತ್ರವು ಎಳೆದ, ಕೊನೆಯಿಂದ ಕೊನೆಗೆ ಒಂದೇ ಸಮನಾದ ಈ ತಂತಿಯ ಎದುರಿಗೆ ಚನ್ನಪಟ್ಟಣದ ಕೈತಂತಿಯು ನಿಲ್ಲಲಾರದೆ ಹೋಯಿತು. ರೈಸ್ ಸಾಹೇಬರ ಮೈಸೂರು ಗೆಜೆಟಿಯರು 19ನೆಯ ಶತಮಾನದ ಕೊನೆಯಲ್ಲಿಯೂ ಆ ಊರಿನ ಅರಗಿನ ಸಾಮಾನಿನೊಡನೆ ವಾದ್ಯದ ತಂತಿಯನ್ನು ಹೆಸರಿಸುತ್ತದೆ. ಇಂದು ಚನ್ನಪಟ್ಟಣವೆಂದರೆ ಬೊಂಬೆಗಳು ಮಾತ್ರ. ಹೊಸ ತಂತಿಯು ಕೆಟ್ಟುದೆಂದು ನಾವು ಹೇಳುವುದಿಲ್ಲ. ವೈಣಿಕನಿಗೆ ಅದರಿಂದ ಉಪಕಾರವೇ ಆಗಿದೆ. ಗಿಟಾರಿನ ಹಲ್ಲುಚಕ್ರದ ಬಿರಡೆಗಳನ್ನು ವೀಣೆಗೆ ಹಾಕಿಸಿಕೊಂಡವರನ್ನೂ ನಾವು ಹಳಿಯೆವು. ನಮ್ಮ ವ್ಯಥೆಯು ಬೇರೆ. ಕತ್ತಿ ಬಂದೂಕುಗಳನ್ನು ಮಾಡಿದವರ ವಿಷಯವಾಗಿ ನಮ್ಮ ಚರಿತ್ರೆಯಲ್ಲಿ ಅಧ್ಯಾಯಗಳಿವೆ. ಅದೇ ಉಕ್ಕಿನಿಂದ ನಾದವನ್ನು ತೆಗೆದವರಿಗೆ ಒಬ್ಬ ಪರದೇಶಿಯ ಒಂದೆರಡು ಸಾಲುಗಳು ದೊರೆತುವು. ಆತನು ಬರೆಯದಿದ್ದರೆ ಅದೂ ಇಲ್ಲ.

ಶ್ರುತಿಯ ವಿಷಯದಲ್ಲಿ ಇನ್ನೊಂದು ಮಾತು. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಸಭೆಯು ಐರೋಪ್ಯ ವಾದ್ಯಗಳೆಲ್ಲಕ್ಕೂ ಸೆಕೆಂಡಿಗೆ 440 ಕಂಪನಗಳ ಒಂದು ಸ್ವರವನ್ನು ಅಳತೆಯಾಗಿ ಗೊತ್ತುಮಾಡಿತು. ನಮ್ಮಲ್ಲಿ ಷಡ್ಜವು ಹಾಡುವವನ ಕಂಠಕ್ಕೆ ಸೇರಿದುದು. ಪಾಂಡವಪುರ, ನಾಗಮಂಗಲಗಳ ಕಡೆಯ ಹಳ್ಳಿಗಳಲ್ಲಿ ಮಂಟೇಸ್ವಾಮಿಯ ಕಥೆಯನ್ನು ಹಾಡುವ ತಂಬೂರಿಯ ನೀಲಗಾರರನ್ನು ಕೇಳಿದವರು ಇದನ್ನು ಬಲ್ಲರು. ರಾತ್ರಿಯೆಲ್ಲ ನಡೆಯುವ ಕಥೆಯಲ್ಲಿ ಬೆಳಗಿನ ತಂಪಿಗೆ ತಂತಿಯು ಏರುವುದು, ಕಂಠವು ದಣಿದು ಇಳಿಯುವುದು. ಆಗ ಕಥೆಯ ಎಳೆಯನ್ನು ಬಿಡದೆಯೇ, ಹಿಮ್ಮೇಳದವರು ಸೊಲ್ಲನ್ನು ಹಿಡಿದುಕೊಂಡಿರುವಷ್ಟು ಹೊತ್ತಿನಲ್ಲಿ, ಮುಂದಾಳು ಬಿರಡೆಯನ್ನು ಒಂದಿಷ್ಟು ಸಡಿಲಿಸಿ ತಂತಿಯನ್ನು ತನ್ನ ಕಂಠಕ್ಕೆ ಇಳಿಸಿಕೊಂಡು ಮುಂದಕ್ಕೆ ಹಾಡುವನು.